ಯಾರೂ ಮುಟ್ಟದ ಕೀಬೋರ್ಡು

ಆ ಭಾನುವಾರ ಬೆಳಿಗ್ಗೆ ಬಸವಕಲ್ಯಾಣದಿಂದ ಹುಲಸೂರ ಕಡೆಗೆ ಹೋಗುವ ಬಸ್ಸಿನಲ್ಲಿ, ಲ್ಯಾಪ್‌ಟಾಪಿನ ಚೀಲವನ್ನು ಕೂಸಿನಂತೆ ತೊಡೆಯ ಮೇಲೆ ಹಿಡಿದುಕೊಂಡು, ಏನೇನು ಕೆಡಬಹುದು ಎಂದು ಎಣಿಸುತ್ತಾ ಕುಳಿತಿದ್ದೆ. ಕರೆಂಟು ಹೋಗಬಹುದು. ಡೇರಿಯ ಇನ್ವರ್ಟರು ಅದಕ್ಕಿಂತ ಮೊದಲೇ ಹೋಗಿರಬಹುದು. ಕಂಪ್ಯೂಟರು ತನ್ನ ಅಪ್‌ಡೇಟಿಗೆ ಇದೇ ಒಳ್ಳೆಯ ಮುಹೂರ್ತ ಎಂದುಕೊಳ್ಳಬಹುದು. ಆಂಟಿವೈರಸ್ಸು ನನ್ನ ಸ್ಕ್ರಿಪ್ಟನ್ನು ಕಳ್ಳನೆಂದು ಹಿಡಿದು ಒಳಗೆ ಹಾಕಬಹುದು. ಮನುಷ್ಯರಿಲ್ಲದೆ ತಾನೇ ಕೀ ಒತ್ತುವ ಪ್ರೋಗ್ರಾಮನ್ನು ಅದು ಹಾಗೆ ತಿಳಿದರೆ ಅದರ ತಪ್ಪೂ ಅಲ್ಲ. ನಮ್‌ಲಾಕ್ ಆರಿಹೋಗಿ ಅಂಕಿಯ ಕೀಗಳೆಲ್ಲ ಮೇಲೆ ಕೆಳಗೆ ಓಡುವ ಬಾಣಗಳಾಗಬಹುದು. ಸ್ಕ್ರಿಪ್ಟು ತಪ್ಪು ಕಿಟಕಿಗೆ ಟೈಪು ಮಾಡಬಹುದು, ಅದು ಒಮ್ಮೆ ಆಗಿಯೂ ಇತ್ತು. ಶುರುವಾದದ್ದು ನಿಲ್ಲದೆ ಹೋಗಬಹುದು. ಪೆನ್‌ಡ್ರೈವು ಮನೆಯಲ್ಲೇ ಉಳಿದಿರಬಹುದು; ಇದಕ್ಕಾಗಿ ಕಿಸೆ ಮುಟ್ಟಿ ನೋಡಿಕೊಂಡೆ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮುಟ್ಟಿ ನೋಡಿಕೊಂಡೆ. ಪಕ್ಕದವನು ತನ್ನ ಕಿಸೆಯನ್ನೂ ಮುಟ್ಟಿ ನೋಡಿಕೊಂಡ.

ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಏನೂ ಕೆಡದೆ ಇರಬಹುದು. ನಾನು ಹೋಗುತ್ತಿದ್ದದ್ದೇ ಒಂದು ತಪ್ಪನ್ನು ಎಲ್ಲರ ಕಣ್ಣೆದುರು ಮಾಡಿ ತೋರಿಸಲು. ಆ ತಪ್ಪು ಆ ದಿನವೇ ಮುನಿಸಿಕೊಂಡು ಬರದೆ ಹೋದರೆ ಒಬ್ಬ ಹೆಂಗಸಿನ ಹೆಸರು ಕೆಡುತ್ತಿತ್ತು.

ನನ್ನ ಕೆಲಸ ಹುಮನಾಬಾದದಲ್ಲಿ. ಮಾಣಿಕನಗರದ ದಾರಿಯಲ್ಲಿ ಒಂದು ಟೈರಿನ ಅಂಗಡಿಯ ಮೇಲೆ ನಮ್ಮ ಕಚೇರಿ. ಹಳ್ಳಿಗಳ ಹಾಲಿನ ಡೇರಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ನನ್ನ ಪಾಲಿಗೆ ಬಂದದ್ದು ಟೆಸ್ಟಿಂಗು. ಉಳಿದವರು ಮಾಡಿದ್ದು ಎಲ್ಲೆಲ್ಲಿ ಕೆಡಬಹುದು ಎಂದು ಮೊದಲೇ ಚಿಂತೆ ಮಾಡುವ ಹುದ್ದೆ. ಮನೆಯಲ್ಲಿ ಪುಕ್ಕಟೆ ಮಾಡುವುದಕ್ಕೆ ಅಲ್ಲಿ ಪಗಾರ ಕೊಡುತ್ತಾರೆ ಎನ್ನುತ್ತಾಳೆ ನನ್ನ ಹೆಂಡತಿ.

ಹುಲಸೂರ ದಾರಿಯ ಒಂದು ಹಳ್ಳಿಯ ಡೇರಿಯಿಂದ ಸೆಕ್ರೆಟರಿ ಫೋನು ಮಾಡಿದ್ದರು. ನಮ್ಮ ಹೊಸ ಆವೃತ್ತಿ ಹಾಕಿದ ಮೇಲೆ ಕೆಲವರ ಹಾಲು ಬೇರೆಯವರ ಲೆಕ್ಕಕ್ಕೆ ಹೋಗುತ್ತಿದೆ ಎಂದು ದೂರು. ಎಲ್ಲರದಲ್ಲ. ಬೇರೆಯಾದ ತಮ್ಮಂದಿರ ಹಾಲು ಅಣ್ಣಂದಿರ ಲೆಕ್ಕಕ್ಕೆ ಹೋಗುತ್ತಿತ್ತು. ಯಾವಾಗಲೂ ಆ ಕಡೆಗೇ, ಎಂದೂ ಈ ಕಡೆಗಲ್ಲ. ಅದರಲ್ಲೂ ಒಂದು ಮನೆಯ ತಮ್ಮನಿಗೆ ಹೆಚ್ಚು ಸಲ ಆಗಿತ್ತು. ಆ ಮನೆಯ ಅಣ್ಣನ ಹೆಂಡತಿ ಡೇರಿಯ ಆಪರೇಟರಬಾಯಿಗೆ ಚಿಕ್ಕವ್ವನ ಮಗಳು. ಇನ್ನೇನು ಬೇಕು? ಆಪರೇಟರ್ ತನ್ನ ತಂಗಿಯ ಮನೆ ತುಂಬಿಸುತ್ತಿದ್ದಾಳೆ ಎಂದು ಊರೆಲ್ಲ ಮಾತಾಯಿತು. ಆ ಮನೆಯ ತಮ್ಮ ನಾಲ್ಕು ಜನರನ್ನು ಕೂಡಿಸಿಕೊಂಡು, ಅವಳನ್ನು ತೆಗೆಯಬೇಕೆಂದು ಸದಸ್ಯರ ಸಭೆ ಕರೆಸಿದ್ದ.

ನಾನು ಮೊದಲ ಸಲ ಹೋದಾಗ ಆಪರೇಟರಬಾಯಿ ನನ್ನನ್ನು ಕೂರಲೂ ಹೇಳಲಿಲ್ಲ. ನಲವತ್ತರ ಹತ್ತಿರದ, ಗಟ್ಟಿ ದನಿಯ ಹೆಂಗಸು. ಹೊಸ ಸಾಫ್ಟ್‌ವೇರ್ ಬಂದಾಗಿನಿಂದ ಕಂಪ್ಯೂಟರು ಸುಮ್ಮಸುಮ್ಮನೆ ಪೀಂ ಎನ್ನುತ್ತದೆ, ಕೀಬೋರ್ಡು ಬದಲಿಸಿದರೂ ಹೋಗಲಿಲ್ಲ, ಪ್ರಿಂಟರಿನ ವಾಯರಿನದೇ ದೋಷ ಎಂದು ಆಕೆಯ ವಾದ. ನಾನು ಪೀಂ ಎನ್ನುವುದನ್ನು ಬರೆದುಕೊಂಡು ಮರೆತೆ.

"ಕೆಲಸ ಹೋದ್ರ ಹೋಗ್ಲಿ ಸರ, ಹೊಲ ಅದ, ಎಮ್ಮಿ ಅದಾವ," ಎಂದಳು ನಾನು ಹೊರಡುವಾಗ. "ಆದ್ರ ಕಳ್ಳಿ ಅಂತ ಅನಿಸ್ಕೊಂಡು ನಾ ಈ ಕುರ್ಚಿ ಬಿಡಾಂಗಿಲ್ಲ. ಅದು ನೆನಪಿರ್ಲಿ ನಿಮಗ."

ನೆನಪಿರುವುದು ನನ್ನ ಹಳೆಯ ರೋಗ. ಬಸ್ಸಿನಲ್ಲೂ ನೆನಪಿತ್ತು, ಹೆದ್ದಾರಿಯ ಬಂಗ್ಲಾ ಕ್ರಾಸಿನಲ್ಲಿ ಇಳಿದು ಹುಮನಾಬಾದದ ಬಸ್ಸಿಗೆ ಕಾಯುವಾಗಲೂ ಇತ್ತು.

ಆಕೆಯ ಕೆಲಸದ ಬಗೆ ಇಷ್ಟು. ತೂಕದ ಯಂತ್ರ, ಹಾಲಿನ ಕೊಬ್ಬು ಅಳೆಯುವ ಫ್ಯಾಟ್ ಮಷಿನು ಎರಡೂ ಕಂಪ್ಯೂಟರಿಗೆ ಜೋಡಿಸಿರುತ್ತವೆ. ಲೀಟರು, ಫ್ಯಾಟು ತಾವೇ ಬಂದು ಕೂಡುತ್ತವೆ. ಆಕೆ ಟೈಪು ಮಾಡುವುದು ಸದಸ್ಯರ ನಂಬರು ಮಾತ್ರ. ನಂಬರು, ಎಂಟರ್, ತೂಕ ಫ್ಯಾಟು ಬಂದ ಮೇಲೆ ಮತ್ತೊಂದು ಎಂಟರ್, ಚೀಟಿ ಬರುತ್ತದೆ, ಮುಂದಿನವರು. ಇಷ್ಟರಲ್ಲಿ ಒಂದು ಲೆಕ್ಕ ಇನ್ನೊಬ್ಬರಿಗೆ ಹೋಗಬೇಕಾದರೆ ನಂಬರೇ ತಪ್ಪಾಗಿರಬೇಕು. ಕಂಪ್ಯೂಟರು ತಪ್ಪು ಬರೆದುಕೊಂಡಿತೋ, ಆಕೆ ತಪ್ಪು ಒತ್ತಿದಳೋ? ಅದನ್ನು ತಿಳಿಯಲು ಆಕೆಯಂತೆಯೇ ಕೀ ಒತ್ತುವ ಒಂದು ಸ್ಕ್ರಿಪ್ಟು ಬರೆಯುವುದೆಂದು ನಿಶ್ಚಯಿಸಿದೆ. ಮನುಷ್ಯರ ಬೆರಳಿನ ಮೇಲೆ ಶಕ್ ಇದ್ದಾಗ ಬೆರಳನ್ನೇ ತೆಗೆದುಬಿಡುವುದು ನಮ್ಮ ಧಂದೆಯ ಪದ್ಧತಿ.

ಮೊದಲ ಸ್ಕ್ರಿಪ್ಟು ತುಂಬಾ ಸಭ್ಯವಾಗಿತ್ತು. ನಂಬರಿನ ಚೌಕವನ್ನು ಹುಡುಕಿ ಅದರೊಳಗೆ ನೇರವಾಗಿ ಅಂಕಿ ಇಟ್ಟುಬರುತ್ತಿತ್ತು. ಸಾವಿರ ಸಲ ಓಡಿಸಿದರೂ ಒಂದೂ ತಪ್ಪಿಲ್ಲ. ಆಗಲೇ ಹೊಳೆಯಬೇಕಿತ್ತು: ಅಲ್ಲಿ ಕೀ ಒತ್ತಿದಂತೆ ಆಗಲೇ ಇಲ್ಲ. ಬಾಗಿಲು ಸರಿಯಾಗಿ ತೆರೆಯುತ್ತದೋ ಎಂದು ನೋಡಲು ಕಿಟಕಿಯಿಂದ ಒಳಗೆ ಹೋದಂತೆ.

ಎರಡನೆಯದು ನಿಜವಾಗಿ ಕೀ ಒತ್ತುವುದು. ಒಂದು ಕೀ ಒತ್ತಿತು ಎಂಬ ಸುದ್ದಿ, ಬಿಟ್ಟಿತು ಎಂಬ ಸುದ್ದಿ, ಎರಡನ್ನೂ ಕಂಪ್ಯೂಟರಿನ ಒಳಗೆ ಕಳಿಸಿದರೆ ಅದಕ್ಕೆ ಕೀಬೋರ್ಡಿನಿಂದಲೇ ಬಂದಂತೆ ಕಾಣುತ್ತದೆ. ಆದರೆ ಅಂಥ ಸುದ್ದಿ ಯಾವ ಕಿಟಕಿ ಮುಂದಿದೆಯೋ ಅಲ್ಲಿಗೆ ಹೋಗುತ್ತದೆ. ಓಡಿಸಿ ಚಹಾ ಕುಡಿಯಲು ಕೆಳಗಿಳಿದೆ. ಅಷ್ಟರಲ್ಲಿ ವಾಟ್ಸಾಪಿನ ಕಿಟಕಿ ಯಾಕೋ ಮುಂದೆ ಬಂದಿತ್ತು. ನಾನು ಮೇಲೆ ಬರುವ ಹೊತ್ತಿಗೆ ಕಚೇರಿಯ ಗುಂಪಿನಲ್ಲಿ ನನ್ನ ಹೆಸರಿನಿಂದ 47, 147, 47, 147 ಎಂದು ಉದ್ದಕ್ಕೆ ಬಿದ್ದಿತ್ತು. ಕೆಳಗೆ ಮಾಲೀಕರದು ಒಂದೇ ಸಾಲು: "ಏನ್ರಿ, ಮಟ್ಕಾ ಶುರು ಮಾಡೀರೇನು?"

ಅಂದಿನಿಂದ ಪ್ರತಿ ಕೀ ಒತ್ತುವ ಮೊದಲು ನಮ್ಮದೇ ಕಿಟಕಿ ಮುಂದಿದೆಯೋ, ಚೌಕ ಖಾಲಿ ಇದೆಯೋ ಎಂದು ಕೇಳಿಕೊಂಡು ಒತ್ತುವಂತೆ ಮಾಡಿದೆ. ಸ್ಕ್ರಿಪ್ಟು ನನ್ನಂತೆಯೇ ಆಯಿತು. ಹೆಜ್ಜೆ ಹೆಜ್ಜೆಗೂ ಅನುಮಾನ. ಮತ್ತೆ ಒಂದೂ ತಪ್ಪು ಬರಲಿಲ್ಲ.

ಸಭೆ ಹತ್ತಿರ ಬರುತ್ತಿತ್ತು. ಮಾಲೀಕರು ನನ್ನ ಮೇಜಿನ ಅಂಚಿಗೆ ಒರಗಿ, ಟೆಸ್ಟು ಪಾಸಾಗುತ್ತಿದೆ ಎಂದರೆ ಸಾಫ್ಟ್‌ವೇರು ಸರಿ ಇದೆ ಎಂದೇ ಅರ್ಥ, ಹಾಗೆಂದು ಬರೆದು ಕೊಟ್ಟುಬಿಡಿ ಎಂದರು. ಬರೆದು ಕೊಟ್ಟರೆ ನಾವು ಪಾರು. ಆಕೆ ಕಳ್ಳಿ. ಇನ್ನೊಮ್ಮೆ ನೋಡಿಬರುತ್ತೇನೆ ಎಂದೆ.

ನೋಡಲು ಹೋಗಿ ಆಕೆಯ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕುಳಿತೆ. ಆಕೆ ಒಂದೊಂದೇ ಅಂಕಿ ಒತ್ತಿ, ಪರದೆ ನೋಡಿ, ಹೆಸರನ್ನು ಗಟ್ಟಿಯಾಗಿ ಓದಿ, ನನ್ನ ಮುಖ ನೋಡಿ ಎಂಟರ್ ಒತ್ತುತ್ತಿದ್ದಳು. ಹಾಲು ತಂದವರ ಪಾಳಿ ಗುಡಿಯ ಕಟ್ಟೆಯ ತನಕ ಬೆಳೆಯಿತು. "ಅಕ್ಕಾವ್ರ, ದಿನಾ ಹಿಂಗಽ ಮಾಡ್ತೀರೇನು?" ಎಂದು ಕೇಳಿದೆ.

"ದಿನಾ ಹಿಂಗ ಮಾಡಿದ್ರ ಹಾಲು ಮೊಸರಾಗ್ತದ," ಎಂದಳು. "ನೀವು ಕುಂತೀರಲ್ಲ ಅಂತ ಮಾಡಾಕತ್ತೇನಿ."

ಆ ಮಾತಿನಿಂದ ನನಗೆ ದಾರಿ ಕಂಡಿತು. ನಾನು ಟೆಸ್ಟು ಮಾಡುತ್ತಿದ್ದದ್ದು ಅನುಮಾನದ ಮನುಷ್ಯ ಟೈಪು ಮಾಡುವ ಬಗೆಯನ್ನು. ಮೊದಲು ಸ್ಕ್ರಿಪ್ಟಿನಲ್ಲಿ, ಈಗ ಆಕೆಯ ಕೈಯಲ್ಲಿ. ಯಾರೂ ನೋಡದಾಗ ಆಕೆ ಹೇಗೆ ಒತ್ತುತ್ತಾಳೆ ಎಂಬುದು ನನಗೆ ಬೇಕಿತ್ತು. ನನ್ನ ಅಂದಾಜಿನ ವೇಗದಲ್ಲಿ ಒತ್ತಿಸುವುದನ್ನು ಬಿಟ್ಟು ಆಕೆಯದೇ ಬೆರಳು ಒತ್ತಿದ ಹೊತ್ತುಗಳನ್ನು ಹಿಡಿದು, ಅವನ್ನೇ ಮರಳಿ ಒತ್ತಿಸಬೇಕೆಂದು ನಿರ್ಧರಿಸಿದೆ. ಯಾವ ಕೀ, ಯಾವಾಗ ಒತ್ತಿದ್ದು, ಯಾವಾಗ ಬಿಟ್ಟಿದ್ದು, ಇಷ್ಟನ್ನೇ ಗುರುತಿಟ್ಟುಕೊಳ್ಳುವ ಒಂದು ಸಣ್ಣ ಪ್ರೋಗ್ರಾಮು. ಆಕೆಯನ್ನು ಕೇಳದೆ ಹಾಕುವಂತಿರಲಿಲ್ಲ. ಕೇಳಿದೆ.

"ಅಂದ್ರ ನನ್ನ ಬೆರಳಿನ ಮ್ಯಾಲ ಪಹರೆ," ಎಂದಳು.

ಪಹರೆಯೇ ಎಂದು ಒಪ್ಪಿಕೊಂಡೆ. ಆದರೆ ಅದರಲ್ಲಿ ಏನು ಸಿಕ್ಕರೂ ಒಂದು ಅಕ್ಷರ ತೆಗೆಯದೆ, ಸೇರಿಸದೆ ಸಭೆಗೆ ತೋರಿಸುತ್ತೇನೆ. ನಿಮ್ಮದು ತಪ್ಪಿದ್ದರೆ ಅದೂ ಕಾಣುತ್ತದೆ ಎಂದೆ. ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಹಾಕ್ರಿ ಎಂದಳು.

ಮೊದಮೊದಲು ಅದನ್ನೂ ನೆನಪಿಟ್ಟುಕೊಂಡು ಹುಷಾರಾಗಿಯೇ ಒತ್ತಿದಳು. ನಾನು ಸಂಜೆ ಬಂದು ನೋಡುವುದು, ಏನೂ ಸಿಗದೆ ಹೋಗುವುದು. ಇನ್ನು ಒಂದು ಮುಂಜಾನೆ ಪಾಳಿಯ ಕಡೆಯಿಂದ ನೋಡೋಣ ಎಂದು ಮೊದಲ ಬಸ್ಸಿಗೆ ಹೋಗಿ ಜನರ ನಡುವೆ ನಿಂತೆ. ಬರಿಗೈಯಲ್ಲಿ ನಿಂತರೆ ಎದ್ದು ಕಾಣುತ್ತೇನೆಂದು ನನ್ನ ಹಿಂದಿದ್ದ ಮುದುಕಿಯ ಹಾಲಿನ ಕ್ಯಾನನ್ನು ಕೇಳಿ ಹಿಡಿದುಕೊಂಡೆ. ಇಸ್ತ್ರಿ ಅಂಗಿ, ಕನ್ನಡಕ, ಕೈಯಲ್ಲಿ ಕ್ಯಾನು. ಆ ವೇಷದಲ್ಲಿ ನಾನು ಯಾರಿಗೂ ಕಾಣುವುದಿಲ್ಲ ಎಂದು ಹೇಗೆ ಅಂದುಕೊಂಡೆನೋ!

ಆಕೆ ಕೆಲಸದಲ್ಲಿ ಮುಳುಗಿದ್ದಳು. ಪರದೆ ನೋಡುತ್ತಲೇ ಇರಲಿಲ್ಲ. ಕಣ್ಣು ಪಾಳಿಯ ಮೇಲೆ, ಒಂದು ಕೈ ಫ್ಯಾಟಿನ ಬಾಟಲಿಯ ಮೇಲೆ, ಇನ್ನೊಂದು ಕೈ ಅಂಕಿಗಳ ಮೇಲೆ. ಚೀಟಿ ಇನ್ನೂ ಕರ್ ಎಂದು ಹೊರಬರುತ್ತಿರುವಾಗಲೇ ಮುಂದಿನವರ ನಂಬರು ಒತ್ತಿಬಿಡುತ್ತಿದ್ದಳು. ಮುಖ ನೋಡಿದ ಕ್ಷಣವೇ ಬೆರಳಿಗೆ ನಂಬರು ಬರುತ್ತಿತ್ತು. ಹೀಗೆ ಮುಂದೆ ಬರುತ್ತ ಬರುತ್ತ ನಾನೇ ಮೇಜಿನ ಎದುರಿಗೆ ಬಂದುಬಿಟ್ಟೆ. ಆಕೆ ತಲೆ ಎತ್ತಿದಳು. ನನ್ನನ್ನೂ ಕ್ಯಾನನ್ನೂ ನೋಡಿ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಕ್ಯಾನು ಯಾರದೆಂದು ಮುಚ್ಚಳ ನೋಡಿಯೇ ಗುರುತಿಸಿ ಒತ್ತಿದಳು. ಚೀಟಿ ಬಂತು, ತೆಗೆದು ಮುದುಕಿಯ ಕೈಗಿಟ್ಟು ನಾನು ಸರಿದೆ.

ಆ ಮುಂಜಾನೆಯ ದಾಖಲೆಯನ್ನು ಹುಮನಾಬಾದಕ್ಕೆ ಒಯ್ದು, ಆ ದಿನದ್ದೇ ತೂಕ ಫ್ಯಾಟು ಬರುವಂತೆ ಮಾಡಿ, ಆಕೆಯ ಬೆರಳಿನ ಹೊತ್ತಿಗೆ ಸರಿಯಾಗಿ ಕೀಗಳನ್ನು ಒತ್ತಿಸಿದೆ. ಈ ಸಲ ಸ್ಕ್ರಿಪ್ಟು ಯಾರನ್ನೂ ಏನನ್ನೂ ಕೇಳಲಿಲ್ಲ. 147 ಒತ್ತಿತು. ಪರದೆಯ ಮೇಲೆ 47 ಬಂತು.

ನಾನು ಕುರ್ಚಿಯಿಂದ ಎದ್ದು ಮತ್ತೆ ಕುಳಿತೆ. ಮತ್ತೊಮ್ಮೆ ಒತ್ತಿಸಿದೆ. ಮತ್ತೆ 47.

ಕಾರಣ ಸಣ್ಣದು. ಹೊಸ ಆವೃತ್ತಿಯಲ್ಲಿ, ಹಾಲು ಲೆಕ್ಕಕ್ಕೆ ಹೋಯಿತೆಂದು ಸದಸ್ಯರಿಗೆ ನಂಬಿಕೆ ಬರಲಿ ಎಂದು ಸೆಕ್ರೆಟರಿಯೇ ಕೇಳಿ ಹಾಕಿಸಿಕೊಂಡ ಒಂದು ಪೆಟ್ಟಿಗೆ ಇತ್ತು. ಚೀಟಿ ಹೊರಡುವಾಗ "ಜಮಾ ಆಯಿತು" ಎಂದು ಪರದೆಯ ನಡುವೆ ಬಂದು, ಕಣ್ಣು ಮಿಟುಕಿಸುವಷ್ಟರಲ್ಲಿ ತಾನೇ ಹೋಗುತ್ತದೆ. ಅಥವಾ ಯಾವುದಾದರೂ ಕೀ ಒತ್ತಿದರೆ ಹೋಗುತ್ತದೆ. ಆಕೆಯ ಮುಂದಿನ ನಂಬರಿನ ಮೊದಲ ಅಂಕಿ ಆ ಪೆಟ್ಟಿಗೆಗೆ ತುತ್ತಾಗುತ್ತಿತ್ತು. ಉಳಿದ ಅಂಕಿಗಳು ಚೌಕಕ್ಕೆ ಬೀಳುತ್ತಿದ್ದವು. ಎರಡಂಕಿಯ ನಂಬರಾದರೆ ಒಂದೇ ಅಂಕಿ ಉಳಿಯುತ್ತಿತ್ತು. ಒಂದಂಕಿಯ ನಂಬರುಗಳು ಡೇರಿ ಶುರು ಮಾಡಿದವರವು, ಎಲ್ಲವೂ ಬಂದ್ ಆಗಿದ್ದವು. ಹಾಗಾಗಿ ಕಂಪ್ಯೂಟರು ಪೀಂ ಎನ್ನುತ್ತಿತ್ತು, ಆಕೆ ಬೈದುಕೊಂಡು ಮತ್ತೆ ಒತ್ತುತ್ತಿದ್ದಳು.

ಮೂರಂಕಿಯವರಿಗೆ ಮಾತ್ರ ಪೀಂ ಎನ್ನುತ್ತಿರಲಿಲ್ಲ. ಆ ಡೇರಿಯ ರೂಢಿಯೇ ಹಾಗಿತ್ತು. ಮನೆ ಒಡೆದು ಅಣ್ಣತಮ್ಮಂದಿರು ಬೇರೆಯಾದಾಗ ಅಪ್ಪನ ನಂಬರು ಅಣ್ಣನಿಗೆ ಉಳಿಯುತ್ತದೆ. ತಮ್ಮನಿಗೆ ಅದೇ ನಂಬರಿನ ಎಡಕ್ಕೆ ಒಂದು ಹಚ್ಚಿ ಕೊಡುತ್ತಾರೆ. ಎಲ್ಲರಿಗೂ ನೆನಪಿರಲಿ, ಮನೆತನದ ಗುರುತೂ ಇರಲಿ ಎಂದು. ಅಪ್ಪನದು 47 ಇದ್ದರೆ ತಮ್ಮನದು 147. ಮೊದಲ ಅಂಕಿ ಹೋದರೆ ತಮ್ಮ ನೇರವಾಗಿ ಅಣ್ಣನ ಮನೆಗೆ ಬಂದು ಬೀಳುತ್ತಾನೆ. ಬೇರೆ ಯಾವ ಊರಿನಲ್ಲಾದರೂ ಇದು ಬರೀ ಗೊಂದಲವಾಗುತ್ತಿತ್ತು. ಇಲ್ಲಿ ಪಕ್ಷಪಾತವಾಯಿತು. ಆ ಮನೆಯ ತಮ್ಮನಿಗೆ ಹೆಚ್ಚು ಆದದ್ದೇಕೆ ಎಂದರೆ, ಅವನು ಬರುವುದು ಪಾಳಿ ಗಿಜಿಗುಡುವ ಹೊತ್ತಿಗೆ, ಆಕೆಯ ಕೈ ಎಲ್ಲಕ್ಕಿಂತ ಜೋರಾಗಿ ಓಡುವಾಗ.

ಪೆಟ್ಟಿಗೆ ತೆಗೆದ ಆವೃತ್ತಿ ಸಿದ್ಧ ಮಾಡಿ, ಎರಡನ್ನೂ ಪೆನ್‌ಡ್ರೈವಿನಲ್ಲಿ ಹಾಕಿಕೊಂಡು, ಮೊದಲೇ ಹೇಳಿದ ಹಾಗೆ ಕಿಸೆ ಮುಟ್ಟಿ ನೋಡಿಕೊಳ್ಳುತ್ತಾ ಭಾನುವಾರ ಬಸ್ಸು ಹತ್ತಿದೆ.

ಡೇರಿಯ ಕೋಣೆ ತುಂಬಿ ಜನ ಕಿಟಕಿಗೂ ನಿಂತಿದ್ದರು. ಅಣ್ಣ ಬಾಗಿಲ ಹತ್ತಿರ, ತಮ್ಮ ಕಂಪ್ಯೂಟರಿನ ಹತ್ತಿರ. ಇಬ್ಬರ ನಡುವೆ ಸೆಕ್ರೆಟರಿ. ನಿಜವಾದ ಲೆಕ್ಕ ಮುಟ್ಟದ ಹಾಗೆ ಒಂದು ನಕಲು ಪ್ರತಿ ಹಾಕಿದೆ. ನಾನು ಬಾಯಿ ತೆಗೆಯುವ ಮೊದಲೇ ತಮ್ಮ, ಮಷಿನ್ನಿನ ಆಟ ಆಮೇಲೆ, ಮೊದಲು ಆಪರೇಟರಬಾಯಿಯೇ ಒತ್ತಿ ತೋರಿಸಲಿ ಎಂದ. ಆಕೆ ಕುಳಿತು ಒತ್ತಿದಳು. ಅಷ್ಟು ಜನರ ಕಣ್ಣೆದುರು ಆಕೆಗೆ ಬೇರೆ ರೀತಿ ಒತ್ತಲು ಹೇಗೆ ಬಂದೀತು? ಒಂದೊಂದೇ ಅಂಕಿ, ಪರದೆ ನೋಡಿ. 147 ಎಂದರೆ 147 ಬಂತು. ಮತ್ತೆ ಒತ್ತಿದಳು. ಮತ್ತೆ ಬಂತು.

"ನೋಡ್ರಿ," ಎಂದ ತಮ್ಮ, ಯಾರ ಮುಖವನ್ನೂ ನೋಡದೆ. "ಮಂದಿ ಮುಂದ ಬರೋಬ್ಬರಿ ಬರ್ತದ. ಮಂದಿ ಹಿಂದ ನನ್ನ ಹಾಲು ದಾರಿ ತಪ್ತದ."

ಆಕೆಯ ಕಿವಿ ಕೆಂಪಾಯಿತು. ನಾನು ಆಕೆಗೆ ಎದ್ದು ದೂರ ಕೂರಲು ಹೇಳಿದೆ. ಯಾರೋ ಕೈಗೆ ಚಹಾದ ಕಪ್ಪು ಕೊಟ್ಟರು. ಎರಡೂ ಕೈ ಕಪ್ಪಿನ ಮೇಲೆ ಇರುವುದು ಎಲ್ಲರಿಗೂ ಕಾಣಲಿ ಎಂದೆ. ಕೀಬೋರ್ಡನ್ನು ಮೇಜಿನ ನಡುವೆ ಸರಿಸಿ, ಇದು ಆ ಮುಂಜಾನೆ ಆಪರೇಟರಬಾಯಿಯ ಬೆರಳು ಒತ್ತಿದ್ದೇ, ಅದೇ ವೇಗ, ಏನೂ ತೆಗೆದಿಲ್ಲ ಎಂದು ಹೇಳಿ ಸ್ಕ್ರಿಪ್ಟು ಓಡಿಸಿದೆ. ಯಾವ ಕೀ ಹೋಗುತ್ತಿದೆ ಎಂಬುದು ಪರದೆಯ ಮೂಲೆಯಲ್ಲಿ ದೊಡ್ಡದಾಗಿ ಕಾಣುವಂತೆ ಮಾಡಿದ್ದೆ.

ಕೀಬೋರ್ಡು ಸುಮ್ಮನೆ ಬಿದ್ದಿತ್ತು. ಪರದೆಯ ಮೇಲೆ ನಂಬರುಗಳು ಓಡಿದವು, ಹೆಸರುಗಳು ಬಂದವು, ಪ್ರಿಂಟರು ಕರ್ ಎಂದಿತು. ಸೆಕ್ರೆಟರಿ ಹೆಸರುಗಳನ್ನು ಗಟ್ಟಿಯಾಗಿ ಓದುತ್ತಿದ್ದರು. ಹಿಂದೆ ಯಾರೋ, ದೆವ್ವ ಬಂದು ಒತ್ತಾಕತ್ತದ ನೋಡು ಎಂದರು. ಮೂಲೆಯಲ್ಲಿ 1, 4, 7 ಎಂದು ಬಂತು. "ಜಮಾ ಆಯಿತು" ಪೆಟ್ಟಿಗೆ ಆ 1ನ್ನು ನುಂಗಿ ಮಿಂಚಿ ಹೋಯಿತು. ಚೌಕದಲ್ಲಿ 47. ಸೆಕ್ರೆಟರಿ ಅಣ್ಣನ ಹೆಸರು ಓದಿ ನಿಲ್ಲಿಸಿದರು.

ತಮ್ಮ ಆಕೆಯ ಕೈ ನೋಡಿದ. ಕಪ್ಪಿನ ಮೇಲೇ ಇದ್ದವು. "ಇನ್ನೊಮ್ಮೆ ಮಾಡ್ರಿ," ಎಂದ. ಮಾಡಿದೆ. ಮತ್ತೆ 47. ಪೆಟ್ಟಿಗೆ ಇಲ್ಲದ ಆವೃತ್ತಿಯ ಮೇಲೆ ಅದೇ ಬೆರಳು ಓಡಿಸಿದೆ. 147, ಅವನ ಹೆಸರು. ಅವನು ಅಣ್ಣನ ಕಡೆ ತಿರುಗದೆಯೇ, ಆಕೆಗೆ ಹೇಳಿದ: "ಚಹಾ ಆರ್ತದ, ಕುಡೀರಿ ಅಕ್ಕಾ." ಅವರ ಊರಿನಲ್ಲಿ ಅದಕ್ಕಿಂತ ಹೆಚ್ಚಿನ ಮಾಫಿ ಯಾರೂ ಕೇಳುವುದಿಲ್ಲವಂತೆ.

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಏನೂ ತೆಗೆದಿಲ್ಲ ಎಂದು ಮಾತು ಕೊಟ್ಟಿದ್ದೆನಲ್ಲ, ದಾಖಲೆ ಮುಂದೆ ಓಡುತ್ತಲೇ ಇತ್ತು. ಸೆಕ್ರೆಟರಿ ಓದುತ್ತಲೇ ಇದ್ದರು. ಓದುತ್ತ ತಮ್ಮದೇ ಹೆಸರಿಗೆ ಬಂದು ತಡೆದರು. ಸೆಕ್ರೆಟರಿಯ ಮನೆಯ ಹಾಲು ಆಗಲೇ ಒಮ್ಮೆ ಜಮಾ ಆಗಿತ್ತು. ಈಗ ಮತ್ತೆ ಬಂದಿತ್ತು, ಒಂದೂವರೆ ಲೀಟರು. ಮೂಲೆಯಲ್ಲಿ ಕಾಣುತ್ತಿದ್ದ ಕೀಗಳೂ ಅವರದೇ ನಂಬರಿನವು, 6 ಮತ್ತು 3. ಪೆಟ್ಟಿಗೆ ಇಲ್ಲದ ಆವೃತ್ತಿ. ಅಂಕಿ ನುಂಗಲು ಅಲ್ಲಿ ಯಾರೂ ಇರಲಿಲ್ಲ.

ಎಲ್ಲರೂ ಆಕೆಯ ಕಡೆ ನೋಡಿದರು. ಕಟ್ಟಿದ್ದೆಲ್ಲ ಕುಸಿಯಿತು ಎಂದುಕೊಂಡೆ. ನಾನು ಕಚೇರಿಯಲ್ಲಿ 147ನ್ನು ಮಾತ್ರ ನೋಡಿದ್ದೆ. 63 ಎಂದರೆ ನನಗೆ ಯಾರೋ ಒಬ್ಬ ಸದಸ್ಯ, ಅಷ್ಟೇ.

ಆಕೆ ಕಪ್ಪನ್ನು ಕೆಳಗಿಟ್ಟಳು. "ಇದು ಖರೇನಽ ನನ್ನ ಬೆರಳಿಂದು. ಆಯಿದು 62 ಒತ್ತಬೇಕಿತ್ತು, ಬಾಜೂದ್ದು ಒತ್ತೀನಿ," ಎಂದಳು. "ಆದ್ರ ಯಾಕ ಅಂತ ಇವರಿಗೆ ಕೇಳ್ರಿ. ಮದುಮಗನಂಗ ಇಸ್ತ್ರಿ ಅಂಗಿ ಹಾಕ್ಕೊಂಡು, ಆಯಿ ಕ್ಯಾನ್ ಹಿಡ್ಕೊಂಡು ಎದುರಿಗಿ ನಿಂತಿದ್ರು. ನಗು ಬಂದು ಕೈ ಜಾರ್ತು."

ಮೊದಲು ನಕ್ಕವನು ತಮ್ಮ. ಆಮೇಲೆ ಕಿಟಕಿಯವರು, ಆಮೇಲೆ ಎಲ್ಲರೂ. ಅಣ್ಣ ಮಾತ್ರ ಮೀಸೆಯೊಳಗೇ ನಕ್ಕ. ಆ ಚೀಟಿಯನ್ನು ಮುದುಕಿಯ ಕೈಗೆ ಕೊಟ್ಟವನೂ ನಾನೇ. ಮೇಲೆ 63 ಎಂದು ಅಚ್ಚಾಗಿತ್ತು. ತಪ್ಪು ಹುಡುಕುವುದಕ್ಕೆ ಪಗಾರ ತೆಗೆದುಕೊಳ್ಳುವ ಮನುಷ್ಯ ಅದನ್ನು ಓದಿಯೂ ನೋಡಿರಲಿಲ್ಲ.

ಸೆಕ್ರೆಟರಿ ಅಲ್ಲೇ ಕುಳಿತು ಒಂದೂವರೆ ಲೀಟರನ್ನು ತಮ್ಮದೇ ಲೆಕ್ಕದಿಂದ ತೆಗೆದು ಮುದುಕಿಯ ಲೆಕ್ಕಕ್ಕೆ ಹಾಕಿಸಿದರು. ಒತ್ತಿದವಳು ಆಪರೇಟರಬಾಯಿ, ತನ್ನ ಕುರ್ಚಿಯಲ್ಲಿ ಕುಳಿತು, ತನ್ನ ವೇಗದಲ್ಲಿ.

ಮರುವಾರ ಹೊಸ ಆವೃತ್ತಿ ಹೇಗೆ ಓಡುತ್ತಿದೆ ಎಂದು ನೋಡಲು ಬೆಳಿಗ್ಗೆ ಮತ್ತೆ ಹೋದೆ. ಪಾಳಿಯಲ್ಲಿ ಆ ಮುದುಕಿ ನಿಂತಿದ್ದಳು. ಹ್ಯಾಂಗದೀರಿ ಆಯಿ ಎಂದೆ. ಆಕೆ ನನ್ನನ್ನು ಗುರುತಿಸಿ, ಆರಾಮ ಅದೀನಪ್ಪ ಎಂದು, ಕ್ಯಾನನ್ನು ನನ್ನ ಕಡೆಯ ಕೈಯಿಂದ ಆಚೆಯ ಕೈಗೆ ಬದಲಿಸಿಕೊಂಡಳು.